ಧ್ರುವ ವಿಜ್ಞಾನ ಜೋಗುಪಾಳ್ಯಕ್ಕೂ ಬರಲಿ

ಧ್ರುವ ಪ್ರದೇಶವೆಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಮುಂದೆ ನಿಲ್ಲುವುದು ಪೆಂಗ್ವಿನ್, ಹಿಮಕರಡಿ ಮತ್ತು ಟಿ.ವಿ.ಯಲ್ಲಿ ಕಂಡ ಬಿಳಿಯ ಬಯಲು. ಬೆಂಗಳೂರಿನಿಂದ ಉತ್ತರ ಧ್ರುವ 8,500 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ದಕ್ಷಿಣ ಧ್ರುವ 11,400 ಕಿ.ಮೀ.ಗೂ ಹೆಚ್ಚು. ಇಷ್ಟು ದೂರದ ನೆಲದ ವಿಚಾರ ಹಲಸೂರು ಮತ್ತು ಇಂದಿರಾನಗರಗಳ ನಡುವಿನ ಜೋಗುಪಾಳ್ಯದ ನಿವಾಸಿಗೆ ಏಕೆ ಬೇಕು? ಪ್ರಶ್ನೆ ಸಹಜವಾದುದೇ. ಇದಕ್ಕೆ ಸರಳವಾಗಿ, ಪ್ರಾಮಾಣಿಕವಾಗಿ ಉತ್ತರಿಸುವುದೇ ಧ್ರುವ ವಿಜ್ಞಾನ ಪ್ರಸಾರ ಕಾರ್ಯಕ್ರಮಗಳ ಉದ್ದೇಶ. ಉಪನ್ಯಾಸ, ವಸ್ತುಪ್ರದರ್ಶನ, ಚಲನಚಿತ್ರ, ಶಾಲಾ ಸ್ಪರ್ಧೆ, ಯಾತ್ರೆ ಮುಗಿಸಿ ಬಂದವರೊಡನೆ ಸಂವಾದ ಇವೆಲ್ಲವೂ ಇದರಲ್ಲಿ ಸೇರಿವೆ.

ಜನರ ತೆರಿಗೆಯ ಹಣದಿಂದ ನಡೆಯುವ ಸಂಶೋಧನೆಯ ಫಲ ಜನರಿಗೆ ತಿಳಿಯಬೇಕು, ಅವರ ಭಾಷೆಯಲ್ಲೇ ತಿಳಿಯಬೇಕು ಎಂಬುದು ಈ ಕಾರ್ಯಕ್ರಮಗಳ ಹಿಂದಿರುವ ಮೂಲ ತತ್ವ.

ಹಿನ್ನೆಲೆ

ಹಲವು ರಾಷ್ಟ್ರಗಳು ಒಟ್ಟುಗೂಡಿ ಧ್ರುವಗಳನ್ನು ಅಭ್ಯಸಿಸುವ ಪರಿಪಾಠ ಆರಂಭವಾದದ್ದು 1882-83ರಲ್ಲಿ. ಅದನ್ನು ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷವೆಂದು ಕರೆಯಲಾಯಿತು. ಎರಡನೆಯದು 1932-33ರಲ್ಲಿ ನಡೆಯಿತು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಹಕಾರವೇ ಮುಂದೆ ಅಂಟಾರ್ಕ್ಟಿಕಾ ಒಪ್ಪಂದಕ್ಕೆ ದಾರಿಯಾಯಿತು. 1959ರ ಡಿಸೆಂಬರ್ 1ರಂದು 12 ರಾಷ್ಟ್ರಗಳು ಸಹಿ ಹಾಕಿದ ಈ ಒಪ್ಪಂದ 1961ರಲ್ಲಿ ಜಾರಿಗೆ ಬಂದಿತು. ಆ ಖಂಡವನ್ನು ಶಾಂತಿ ಮತ್ತು ವಿಜ್ಞಾನಕ್ಕೆ ಮಾತ್ರ ಮೀಸಲಿಡಬೇಕೆಂಬುದು ಅದರ ಸಾರ.

2007-08ರ ಧ್ರುವ ವರ್ಷದಲ್ಲಿ ಶಿಕ್ಷಣ ಮತ್ತು ವಿಜ್ಞಾನ ಪ್ರಸಾರವನ್ನು ಸಂಶೋಧನೆಯ ಜೊತೆಗೇ ಕಾರ್ಯಕ್ರಮದ ಅಂಗವಾಗಿ ಸೇರಿಸಲಾಯಿತು. ಶಾಲಾ ಮಕ್ಕಳು ಹಿಮಖಂಡದಲ್ಲಿರುವ ವಿಜ್ಞಾನಿಗಳೊಡನೆ ನೇರವಾಗಿ ಮಾತನಾಡುವ ಪದ್ಧತಿ ವ್ಯಾಪಕವಾದದ್ದು ಆ ಕಾಲದಲ್ಲಿ. ಮುಂದಿನ ಧ್ರುವ ವರ್ಷವನ್ನು 2032-33ರಲ್ಲಿ ಆಚರಿಸಲು ಸಿದ್ಧತೆ ನಡೆದಿದೆ.

ಭಾರತದ ಹೆಜ್ಜೆಗಳು

ಡಾ. ಎಸ್.ಝೆಡ್. ಖಾಸಿಂ ನೇತೃತ್ವದ 21 ಮಂದಿಯ ಮೊದಲ ಭಾರತೀಯ ತಂಡ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟಿತು. 1983-84ರಲ್ಲಿ 'ದಕ್ಷಿಣ ಗಂಗೋತ್ರಿ' ನೆಲೆ ಸಿದ್ಧವಾಯಿತು. ಡಾ. ಹರ್ಷ ಗುಪ್ತ ನೇತೃತ್ವದ ಆ ಮೂರನೇ ಯಾತ್ರೆಯಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತ ಮತ್ತು ಸಾಗರ ವಿಜ್ಞಾನಿ ಅದಿತಿ ಪಂತ್ ಅವರಿದ್ದರು. ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಪಾಲ್ಗೊಂಡ ಮೊದಲ ಭಾರತೀಯ ಮಹಿಳೆಯರು ಇವರೇ.

ಹಿಮದ ಚಾಚಿನ ಮೇಲೆ ಕಟ್ಟಿದ್ದ ದಕ್ಷಿಣ ಗಂಗೋತ್ರಿ ಕ್ರಮೇಣ ಹಿಮದಲ್ಲಿ ಹೂತುಹೋಯಿತು. ಅಷ್ಟರಲ್ಲಿ, 1988-89ರಲ್ಲಿ, ಶಿರ್ಮಾಕರ್ ಪ್ರದೇಶದ ಬಂಡೆ ನೆಲದ ಮೇಲೆ 'ಮೈತ್ರಿ' ತಲೆಯೆತ್ತಿತ್ತು. ಅಲ್ಲಿಂದ ಸುಮಾರು 3,000 ಕಿ.ಮೀ. ಪೂರ್ವದಲ್ಲಿ, ಲಾರ್ಸ್‌ಮನ್ ಬೆಟ್ಟಗಳ ಬಳಿ, 2012ರಲ್ಲಿ 'ಭಾರತಿ' ಕಾರ್ಯಾರಂಭ ಮಾಡಿತು. 134 ಸರಕು ಕಂಟೇನರ್‌ಗಳನ್ನು ಜೋಡಿಸಿ ಕಟ್ಟಿದ ನೆಲೆಯಿದು. ಉತ್ತರದಲ್ಲಿ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, 2008ರ ಜುಲೈ 1ರಂದು 'ಹಿಮಾದ್ರಿ' ಆರಂಭವಾಯಿತು. ಹಿಮಾಲಯದ ಹಿಮನದಿಗಳ ಅಧ್ಯಯನಕ್ಕಾಗಿ 2016ರಲ್ಲಿ ಹಿಮಾಚಲ ಪ್ರದೇಶದಲ್ಲಿ 'ಹಿಮಾಂಶ್' ಸ್ಥಾಪನೆಯಾಯಿತು. ಈ ಎಲ್ಲ ಕಾರ್ಯಗಳ ಹೊಣೆ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು.

ಬೆಂಗಳೂರಿನ ನಂಟು

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು 1989-90ರಲ್ಲಿ ಮೈತ್ರಿಯಿಂದ ಸೂರ್ಯನನ್ನು ವೀಕ್ಷಿಸಿದ್ದರು. ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ನಮ್ಮ ಊರಿನಲ್ಲಾದರೆ ಸಂಜೆಯಾದೊಡನೆ ವೀಕ್ಷಣೆ ನಿಲ್ಲುತ್ತದೆ. ಅಲ್ಲಿ ಮೋಡ ಅಡ್ಡ ಬಾರದಿದ್ದರೆ ದಿನಗಟ್ಟಲೆ ಸಾಗುತ್ತದೆ.

2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ಯಾತ್ರೆ ಹಿಮಾದ್ರಿಗೆ ಹೊರಟಾಗ ಅದರಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತು. ವಿಶ್ವದ ಆದಿಕಾಲದಿಂದ ಬರುವ ಅತಿ ಕ್ಷೀಣ ರೇಡಿಯೊ ಸಂಕೇತಗಳನ್ನು ಹಿಡಿಯಲು ಆ ಪ್ರದೇಶ ಎಷ್ಟು ನಿಶ್ಶಬ್ದವಾಗಿದೆ ಎಂಬುದನ್ನು ಅಳೆಯುವುದು ಅವರ ಕೆಲಸವಾಗಿತ್ತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ, ಭಾರತಿ ನೆಲೆಯಲ್ಲಿ ಉಪಗ್ರಹಗಳ ಮಾಹಿತಿ ಸ್ವೀಕರಿಸುವ ಕೇಂದ್ರವನ್ನು ನಡೆಸುತ್ತಿದೆ. ಇಸ್ರೋದ ಮಂಗಳಾ ಮಣಿ ಅವರು 2016-17ರಲ್ಲಿ ಅಲ್ಲಿ 403 ದಿನ ಇದ್ದು ಬಂದರು. ಹೊರಟಾಗ ಅವರಿಗೆ 56 ವರ್ಷ.

ಹಿಮದ ಮೇಲೆ ಕಟ್ಟಡ ಕಟ್ಟುವ ಕೆಲಸದಲ್ಲಿ ಭೂಸೇನೆಯ ಎಂಜಿನಿಯರುಗಳ ಪಾತ್ರ ದೊಡ್ಡದು. ದಕ್ಷಿಣ ಗಂಗೋತ್ರಿಯಲ್ಲಿ ಮೊದಲ ಚಳಿಗಾಲ ಕಳೆದ 12 ಮಂದಿಯ ತಂಡದ ನಾಯಕರಾಗಿದ್ದವರು ಲೆಫ್ಟಿನೆಂಟ್ ಕರ್ನಲ್ ಎಸ್.ಎಸ್. ಶರ್ಮಾ. ಸೇನೆಯ ಎಂಜಿನಿಯರಿಂಗ್ ಪಡೆಯ ಮೂರು ಪ್ರಮುಖ ಗುಂಪುಗಳಲ್ಲಿ ಒಂದಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ನೆಲೆ ಹಲಸೂರು ಕೆರೆಯ ಬಳಿಯೇ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ನಮಗೇನು ಸಂಬಂಧ?

ಮೊದಲನೆಯದು ಮಳೆ. ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಎಚ್.ಎಫ್. ಬ್ಲಾನ್‌ಫರ್ಡ್ 1884ರಲ್ಲೇ ಒಂದು ಅಂಶವನ್ನು ಮುಂದಿಟ್ಟಿದ್ದರು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುವ ಸಂಭವವುಂಟು ಎಂಬುದೇ ಆ ಅಂಶ. ಇಂದು ಆರ್ಕ್ಟಿಕ್ ಸಮುದ್ರದ ಹಿಮ ಕರಗುವುದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸ್ವಾಲ್‌ಬಾರ್ಡ್‌ನ ಕಡಲ ಚಾಚಿನಲ್ಲಿ ಭಾರತ 2014ರಲ್ಲಿ ನೀರೊಳಗಿನ ವೀಕ್ಷಣಾಲಯವೊಂದನ್ನು ಇಳಿಸಿದ್ದು ಈ ಉದ್ದೇಶದಿಂದಲೂ ಹೌದು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಮುಂಗಾರನ್ನೇ ನಂಬಿದೆ. 2023ರ ಮಳೆ ಕೊರತೆಯ ಬಳಿಕ 2024ರ ಬೇಸಿಗೆಯಲ್ಲಿ ನಗರ ಪಟ್ಟ ಬವಣೆಯನ್ನು ಯಾರೂ ಮರೆತಿಲ್ಲ. ಆ ಬರಕ್ಕೆ ಧ್ರುವವೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಆದರೆ ಮಳೆಯನ್ನು ಮುಂಚಿತವಾಗಿ ಅರಿಯುವ ಪ್ರಯತ್ನಕ್ಕೆ ಧ್ರುವಗಳ ಮಾಹಿತಿಯೂ ಬೇಕು.

ಎರಡನೆಯದು ಸಮುದ್ರ. ಅಂಟಾರ್ಕ್ಟಿಕಾದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ. ಅಂದರೆ ಕರ್ನಾಟಕದಂಥ 70ಕ್ಕೂ ಹೆಚ್ಚು ರಾಜ್ಯಗಳು ಅದರೊಳಗೆ ಹಿಡಿಸುತ್ತವೆ. ಅದರ ಸುಮಾರು ಶೇ. 98 ಭಾಗ ಹಿಮಾವೃತ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಕಡಲೇರಿಕೆಯ ಭಯವಿಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ಕರಾವಳಿಗೆ ಇದು ಮನೆಬಾಗಿಲಿನ ಪ್ರಶ್ನೆ.

ಮೂರನೆಯದು ಭರವಸೆ. ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಪದರದಲ್ಲಿ ರಂಧ್ರವಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರಲ್ಲೇ ಮಾಂಟ್ರಿಯಲ್ ಒಡಂಬಡಿಕೆ ರೂಪುಗೊಂಡಿತು. ಇಂದು ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ವಿಜ್ಞಾನ ಎಚ್ಚರಿಸಿದಾಗ ಜಗತ್ತು ಕಿವಿಗೊಟ್ಟ ಈ ನಿದರ್ಶನವನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.

ಎಲ್ಲಿ ಹೋಗಬಹುದು?

ಜೋಗುಪಾಳ್ಯ, ಹಲಸೂರು ಭಾಗದವರಿಗೆ ವಿಜ್ಞಾನ ಕಾರ್ಯಕ್ರಮಗಳ ತಾಣಗಳು ಬಹಳ ದೂರವೇನಿಲ್ಲ. ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯದಲ್ಲಿ ಪ್ರದರ್ಶನಗಳು ಕನ್ನಡದಲ್ಲೂ ನಡೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ಹವಾಗುಣ ಬದಲಾವಣೆ ಮತ್ತು ಹಿಮನದಿಗಳ ಕುರಿತು ಅಧ್ಯಯನ ನಡೆಸಿರುವ ದಿವೇಚಾ ಕೇಂದ್ರ ಇರುವುದು ಆ ಸಂಸ್ಥೆಯ ಆವರಣದಲ್ಲೇ. ಪಕ್ಕದ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ನಾನಾ ವಿಷಯಗಳ ಸಾರ್ವಜನಿಕ ಉಪನ್ಯಾಸಗಳು ನಡೆಯುತ್ತಿರುತ್ತವೆ. ಧ್ರುವ ವಿಜ್ಞಾನದ ಕಾರ್ಯಕ್ರಮ ಯಾವಾಗ ಎಂಬುದನ್ನು ಆಯಾ ಸಂಸ್ಥೆಗಳಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಡಾವಣೆಯಲ್ಲೇ ಮಾಡಬಹುದಾದದ್ದು

ದೊಡ್ಡ ಸಭಾಂಗಣ, ದುಬಾರಿ ಉಪಕರಣ ಇಲ್ಲದೆಯೂ ಶಾಲೆ, ಗ್ರಂಥಾಲಯ ಅಥವಾ ನಿವಾಸಿಗಳ ಸಂಘ ಇಂಥ ಕಾರ್ಯಕ್ರಮ ನಡೆಸಬಹುದು. ಕೆಲವು ಸರಳ ಪ್ರಯೋಗಗಳು ಹೀಗಿವೆ:

* ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರಿನ ಮೇಲೆ ಮಂಜುಗಡ್ಡೆ ತೇಲಲಿ. ಇನ್ನೊಂದರಲ್ಲಿ ನೀರಿನಿಂದ ಮೇಲೆ ಚಾಚಿರುವ ಕಲ್ಲಿನ ಮೇಲೆ ಮಂಜುಗಡ್ಡೆ ಇರಲಿ. ಎರಡರಲ್ಲೂ ನೀರಿನ ಮಟ್ಟವನ್ನು ಗುರುತು ಮಾಡಿ. ಕರಗಿದ ಬಳಿಕ ಮೊದಲನೆಯದರಲ್ಲಿ ಮಟ್ಟ ಬದಲಾಗದು, ಎರಡನೆಯದರಲ್ಲಿ ಏರುತ್ತದೆ. ಸಮುದ್ರದ ಮೇಲೆ ತೇಲುವ ಹಿಮಕ್ಕೂ ನೆಲದ ಮೇಲಿನ ಹಿಮಕ್ಕೂ ಇರುವ ವ್ಯತ್ಯಾಸ ಇದೇ.

* ಕಪ್ಪು ಮತ್ತು ಬಿಳಿ ಬಟ್ಟೆಯ ತುಂಡುಗಳನ್ನು ಒಂದು ಗಂಟೆ ಬಿಸಿಲಿಗಿಟ್ಟು ಮುಟ್ಟಿ ನೋಡಿ. ಬಿಳಿಯ ಹಿಮ ಕರಗಿ ಕಪ್ಪಾದ ಕಡಲು ತೆರೆದುಕೊಂಡಾಗ ಬಿಸಿ ಏಕೆ ಹೆಚ್ಚುತ್ತದೆ ಎಂಬುದು ಅರ್ಥವಾಗುತ್ತದೆ.

* ಓರೆಯಾಗಿ ನಿಂತ ಭೂಗೋಳಕ್ಕೆ ಟಾರ್ಚ್ ಬೆಳಕು ಹಿಡಿದು ತಿರುಗಿಸಿ. ಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ಇರುಳು ಇರುವ ಗುಟ್ಟು ಕಾಣುತ್ತದೆ.

* ಮೋಡವಿಲ್ಲದ ರಾತ್ರಿ ಮನೆಯ ತಾರಸಿಯಿಂದ ಉತ್ತರ ದಿಕ್ಕಿಗೆ ನೋಡಿ. ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿರುತ್ತದೆ. ಚಾಚಿದ ಕೈಯ ಮುಷ್ಟಿಗಿಂತ ತುಸು ಹೆಚ್ಚು. ಕಟ್ಟಡಗಳು ಅಡ್ಡ ಬರದ ಜಾಗ ಬೇಕು. ಉತ್ತರ ಧ್ರುವದಲ್ಲಿ ಅದೇ ನಕ್ಷತ್ರ ನೆತ್ತಿಯ ಮೇಲಿರುತ್ತದೆ.

ಲಾಲ್‌ಬಾಗ್‌ನ ಬಂಡೆಗೆ ಮಕ್ಕಳನ್ನು ಕರೆದೊಯ್ಯುವುದೂ ಒಳ್ಳೆಯ ಪಾಠವೇ. ಸುಮಾರು 300 ಕೋಟಿ ವರ್ಷ ಹಳೆಯ ಈ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭಾರತ ಮತ್ತು ಅಂಟಾರ್ಕ್ಟಿಕಾ ಗೊಂಡ್ವಾನ ಎಂಬ ಒಂದೇ ಭೂಖಂಡದ ಭಾಗಗಳಾಗಿದ್ದು, ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟವು. ಇಂದು ಪರದೇಶವೆನಿಸಿದ ಹಿಮಖಂಡ ಒಂದು ಕಾಲಕ್ಕೆ ನಮ್ಮ ನೆರೆಯಾಗಿತ್ತು.

ಭಾಷೆಯ ಪ್ರಶ್ನೆ

ಧ್ರುವ ವಿಜ್ಞಾನದ ಭಿತ್ತಿಪತ್ರ, ಕಿರುಹೊತ್ತಿಗೆ, ಚಿತ್ರಗಳು ಬಹುಪಾಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಕಾನ್ವೆಂಟ್ ಶಾಲೆಯ ಮಕ್ಕಳಿಗೆ ಅದು ತೊಡಕಲ್ಲ. ಅದೇ ಬೀದಿಯ ಸರ್ಕಾರಿ ಶಾಲೆಯ ಮಗುವಿಗೆ ಮಾತ್ರ ಬಾಗಿಲು ಮುಚ್ಚಿದಂತೆಯೇ. ಕನ್ನಡ, ತಮಿಳು, ಉರ್ದು, ತೆಲುಗು ಕೇಳಿಬರುವ ಹಲಸೂರಿನಂಥ ಪ್ರದೇಶದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳ ಕೊರತೆಯಿಲ್ಲ. ಹಿಮನದಿ, ಹಿಮಪಾತ, ನೀರ್ಗಲ್ಲು, ಧ್ರುವ ಇವೆಲ್ಲ ನಮ್ಮವೇ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಇದನ್ನು ದಶಕಗಳಿಂದ ತೋರಿಸಿಕೊಟ್ಟಿದೆ. ಬೇಕಿರುವುದು ಯಾತ್ರೆಗೆ ಹೋಗಿ ಬಂದವರು ತಮ್ಮ ಅನುಭವವನ್ನು ನೆರೆಹೊರೆಯ ಮಾತಿನಲ್ಲಿ ಹೇಳುವ ವೇದಿಕೆ.

ಉದ್ಯೋಗದ ದೃಷ್ಟಿಯಿಂದಲೂ ಇದು ಮುಖ್ಯ. ಹಿಮಖಂಡದ ನೆಲೆಗೆ ಹೋಗುವವರೆಲ್ಲರೂ ವಿಜ್ಞಾನಿಗಳಲ್ಲ. ವೈದ್ಯರು, ಅಡುಗೆಯವರು, ಎಲೆಕ್ಟ್ರಿಷಿಯನ್, ವಾಹನ ಮೆಕ್ಯಾನಿಕ್, ವೆಲ್ಡರ್ ಇಲ್ಲದೆ ಅಲ್ಲಿ ಒಂದು ದಿನವೂ ನಡೆಯದು. ಆಯ್ಕೆಯಾದವರಿಗೆ ವೈದ್ಯಕೀಯ ತಪಾಸಣೆ ಹಾಗೂ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ ಇರುತ್ತದೆ. ಐ.ಟಿ.ಐ. ಓದುತ್ತಿರುವ ಯುವಕ, ಯುವತಿಯರಿಗೆ ಈ ಮಾಹಿತಿ ತಲುಪಿದರೆ ಮಾತ್ರ ಅವರು ಅರ್ಜಿ ಹಾಕಿಯಾರು.

ಆಚರಿಸಬಹುದಾದ ದಿನಗಳು

ಫೆಬ್ರುವರಿ 28: ರಾಷ್ಟ್ರೀಯ ವಿಜ್ಞಾನ ದಿನ.
ಮಾರ್ಚ್ 21: ವಿಶ್ವ ಹಿಮನದಿ ದಿನ. ವಿಶ್ವಸಂಸ್ಥೆಯ ನಿರ್ಣಯದಂತೆ 2025ರಿಂದ ಆಚರಣೆ.
ಏಪ್ರಿಲ್ 25: ವಿಶ್ವ ಪೆಂಗ್ವಿನ್ ದಿನ.
ಸೆಪ್ಟೆಂಬರ್ 16: ಓಝೋನ್ ದಿನ.
ಡಿಸೆಂಬರ್ 1: ಅಂಟಾರ್ಕ್ಟಿಕಾ ದಿನ.

ಅಂಟಾರ್ಕ್ಟಿಕಾದ ರಕ್ಷಣೆಗಾಗಿ ಭಾರತ 2022ರಲ್ಲಿ ಪ್ರತ್ಯೇಕ ಕಾನೂನನ್ನೇ ರೂಪಿಸಿದೆ. 2024ರ ಮೇ ತಿಂಗಳಲ್ಲಿ ಒಪ್ಪಂದ ರಾಷ್ಟ್ರಗಳ 46ನೇ ಸಭೆ ಕೊಚ್ಚಿಯಲ್ಲಿ ಜರುಗಿತು. ಮೈತ್ರಿಯ ಬದಲಿಗೆ ಹೊಸ ನೆಲೆ ಕಟ್ಟುವ ಯೋಜನೆಯೂ ಇದೆ. 2032-33ರ ಧ್ರುವ ವರ್ಷ ಬರುವ ವೇಳೆಗೆ ಇಂದು ನಾಲ್ಕನೇ, ಐದನೇ ತರಗತಿಯಲ್ಲಿರುವ ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿರುತ್ತಾರೆ. ಆ ಯಾತ್ರೆಗಳ ಪಟ್ಟಿಯಲ್ಲಿ ಜೋಗುಪಾಳ್ಯದ ಹೆಸರೊಂದು ಇರಬೇಕಾದರೆ ಲೋಟ, ಮಂಜುಗಡ್ಡೆ ಮತ್ತು ಕನ್ನಡದ ನಾಲ್ಕು ಮಾತುಗಳಿಂದ ಈಗಲೇ ಆರಂಭಿಸಬೇಕು.