ಬಿಳಿಯ ಕಾಯಿಗಳ ಬಲೆ

ಚದುರಂಗದ ಮಣೆಯನ್ನು ಬಾನುಲಿಯಲ್ಲಿ ತೋರಿಸಲು ಬಾರದು. ಆದುದರಿಂದ ಕೇಳುಗರು ಒಂದು ಮಣೆಯನ್ನು ಮನಸ್ಸಿನಲ್ಲಿಯೇ ಹಾಸಿಕೊಳ್ಳಬೇಕು. ಬಿಳಿಯ ಕಾಯಿಗಳು ನಿಮ್ಮವು. ಮೊದಲ ನಡೆಯೂ ನಿಮ್ಮದೇ. ರಾಜನ ಮುಂದಣ ಕಾಲಾಳನ್ನು ಎರಡು ಮನೆ ನಡೆಸುತ್ತೀರಿ. ಎದುರಾಳಿಯೂ ಹಾಗೆಯೇ ಮಾಡುತ್ತಾನೆ. ನಿಮ್ಮ ಮಂತ್ರಿ ಓರೆಯಾಗಿ ಮಣೆಯ ಅಂಚಿಗೆ ಬರುತ್ತಾನೆ, ಮುಂದಿನ ನಡೆಗೆ ಒಂಟೆ ಹೊರಡುತ್ತದೆ. ಇಬ್ಬರ ದೃಷ್ಟಿಯೂ ಕರಿಯ ರಾಜನ ಪಕ್ಕದ ಒಂಟೆಯ ಮುಂದೆ ನಿಂತಿರುವ ಕಾಲಾಳಿನ ಮೇಲೆ. ಆ ಮನೆಗೆ ರಾಜನೊಬ್ಬನ ಹೊರತು ಬೇರೆ ಕಾವಲಿಲ್ಲ. ಎದುರಾಳಿ ಅದನ್ನು ಗಮನಿಸದಿದ್ದರೆ ನಾಲ್ಕನೆಯ ನಡೆಗೆ ಮಂತ್ರಿ ಆ ಕಾಲಾಳನ್ನು ಕಡಿದು ನಿಲ್ಲುತ್ತಾನೆ, ಆಟ ಮುಗಿಯುತ್ತದೆ.

ಈ ವಿದ್ಯೆ ನನಗೆ ಸಿದ್ಧಿಸಿದ್ದು ಮಣಿಪಾಲದಲ್ಲಿ, ವಿದ್ಯಾರ್ಥಿನಿಲಯದ ಮೊಗಸಾಲೆಯಲ್ಲಿ, ಉತ್ತರದಿಂದ ಓದಲು ಬಂದಿದ್ದ ಸಹಪಾಠಿಯೊಬ್ಬನಿಂದ. ಒಂದೇ ಸಂಜೆ ಮೂರು ಸಲ ನನ್ನನ್ನು ಕೆಡವಿ, ನಾಲ್ಕನೆಯ ಸಲ ಗುಟ್ಟು ಹೇಳಿಕೊಟ್ಟ. ಆ ವಾರ ರಜೆಗೆ ಕಾಪುವಿಗೆ ಹೋದವನು ಚೀಲವನ್ನು ಇಳಿಸುವ ಮೊದಲೇ ಸೋದರಮಾವನ ಮುಂದೆ ಮಣೆ ಹಾಸಿದೆ. ಮಾವ ಹಳೆಯ ಕ್ರಮದ ಆಟಗಾರರು. ಮನೆಯ ಜಗಲಿಯಲ್ಲಿ, ದೂರದಲ್ಲಿ 1901ರ ದೀಪಸ್ತಂಭದ ಬೆಳಕು ಸುತ್ತುತ್ತಿರುವಾಗ, ಒಂದೊಂದು ನಡೆಗೂ ಒಂದು ವೀಳ್ಯದಷ್ಟು ಹೊತ್ತು ತೆಗೆದುಕೊಳ್ಳುವವರು.

ನಾನು ಕಾಲಾಳನ್ನು ಎರಡು ಮನೆ ನೂಕಿದೆ. ಮಾವ ತಮ್ಮ ಕಾಲಾಳನ್ನು ಒಂದೇ ಮನೆ ಸರಿಸಿದರು. ಮಂತ್ರಿಯನ್ನು ಅಂಚಿಗೆ ತಂದೆ. ಅವರು ಕುದುರೆಯ ಮುಂದಣ ಕಾಲಾಳನ್ನು, ಅದನ್ನೂ ಒಂದೇ ಮನೆ, ಮುಂದಿಟ್ಟರು. ನನ್ನ ಮಂತ್ರಿ ಬಂದ ದಾರಿಯಲ್ಲಿ ಓಡಬೇಕಾಯಿತು. ಒಂಟೆಯನ್ನು ತಂದು ನಿಲ್ಲಿಸಿದರೆ, ಅವರ ಮೊದಲ ಕಾಲಾಳು ಅದರ ಓರೆದಾರಿಗೆ ಅಗಳಿ ಹಾಕಿದಂತೆ ನಿಂತಿದೆ. “ಬಲೆ ಏನೋ ಬೀಸಿದ್ದಿ, ಮೀನು ಎಲ್ಲಿ ಉಂಟು ಮಾರಾಯ?” ಎಂದರು ಮಾವ. ಅವರಿಗೆ ಈ ಬಲೆಯ ಹೆಸರೂ ಗೊತ್ತಿರಲಿಲ್ಲ. ಗೊತ್ತಿಲ್ಲದವನೇ ಬಲೆಗೆ ಬೀಳಬೇಕೆಂಬುದು ನಿಯಮವಲ್ಲವೆ? ಇಲ್ಲಿ ಅದು ತಲೆಕೆಳಗಾದುದೇಕೆ?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವಿದೆ. ಆ ಕಾಲದ ಆಟದಲ್ಲಿ ಮಂತ್ರಿ ಒಂದೊಂದೇ ಮನೆ ನಡೆಯುವ ಮುದುಕ. ಅಂಥವನನ್ನು ಕಟ್ಟಿಕೊಂಡು ನಾಲ್ಕು ನಡೆಯಲ್ಲಿ ಯಾವ ರಾಜನನ್ನೂ ಕೆಡಹಲಾಗದು. ಮಂತ್ರಿಗೂ ಒಂಟೆಗೂ ಮಣೆಯುದ್ದ ಓಡುವ ಬಲ ಬಂದುದು 15ನೆಯ ಶತಮಾನದ ಕೊನೆಯಲ್ಲಿ, ಯುರೋಪಿನಲ್ಲಿ. ಆ ಬದಲಾವಣೆ ಕಾಲಾಂತರದಲ್ಲಿ ನಮ್ಮ ನಾಡಿಗೂ ಬಂದಿತು. ಆದರೆ ಕಾಲಾಳಿನ ಎರಡು ಮನೆಯ ಜಿಗಿತವನ್ನು ನಮ್ಮವರು ಬಹುಮಟ್ಟಿಗೆ ಒಪ್ಪಲಿಲ್ಲ. ಊರಿಂದೂರಿಗೆ ನಿಯಮ ಬೇರೆ. ಕೆಲವು ಕಡೆ ಇಬ್ಬರೂ ತಮ್ಮ ತಮ್ಮ ಅರ್ಧದೊಳಗೆ ಹಲವು ನಡೆಗಳನ್ನು ಒಟ್ಟಿಗೇ ಮುಗಿಸಿ, ವ್ಯೂಹ ಕಟ್ಟಿಕೊಂಡ ಮೇಲೆಯೇ ಕಾದಾಟಕ್ಕೆ ಇಳಿಯುತ್ತಿದ್ದರು. ಇಂಥ ಆಟದಲ್ಲಿ ಆರಂಭದ ಬಲೆಗೆ ಗೂಟ ಹೊಡೆಯಲು ನೆಲವೇ ಇಲ್ಲ. ಚಾತುರ್ಯವೆಲ್ಲ ಕೊನೆಯಾಟಕ್ಕೆ ಮೀಸಲು. ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಗ್ರಂಥದ ಇಂಗ್ಲಿಷ್ ರೂಪ 1814ರಲ್ಲಿ ಮುಂಬಯಿಯಲ್ಲಿ ಅಚ್ಚಾದಾಗ ಅದರಲ್ಲಿದ್ದುದು ಮುಖ್ಯವಾಗಿ ಇಕ್ಕಟ್ಟಿನ ಸ್ಥಿತಿಗಳು, ಅವುಗಳ ಬಿಡುಗಡೆಯ ದಾರಿಗಳು. 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಗಿ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರತಿಭೆ ಹರಿದುದು ಕುದುರೆಯೊಂದನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ಕಾಲಿಡಿಸಿ ಸುತ್ತಿಸುವ ಬಂಧಗಳಲ್ಲಿ. ರಾಜ್ಯವಿಲ್ಲದ ರಾಜನಿಗೆ ಆ ಮಣೆ ಏನಾಗಿತ್ತೋ!

ಬಲೆಗಳ ತವರು ಇಟಲಿ. 17ನೆಯ ಶತಮಾನದ ಆರಂಭದ ಗ್ರೆಕೊ ಎಂಬಾತನ ಹಸ್ತಪ್ರತಿಗಳು ಇಂಥ ಚುರುಕು ಆಟಗಳ ಭಂಡಾರ. ವಿನೋದವೆಂದರೆ, ಅವನ ಆಟಗಳಲ್ಲಿ ಸೋಲುವವನಿಗೆ ಹೆಸರಿಲ್ಲ. ಬಹುಶಃ ಅಂಥವನೊಬ್ಬ ಇರಲೂ ಇಲ್ಲ. ಬೇಕಾದಲ್ಲಿ ಬೇಕಾದ ತಪ್ಪು ಮಾಡಲೆಂದು ಗ್ರೆಕೊ ಅವನನ್ನು ಕಲ್ಪಿಸಿಕೊಂಡಂತಿದೆ. ಪುಸ್ತಕದ ಬಲೆಗಳಲ್ಲಿ ಇಂದಿಗೂ ಎದುರಾಳಿ ಅವನೇ.

ಆದರೆ ಬಲೆಗಳೆಲ್ಲ ಒಂದೇ ಜಾತಿಯವಲ್ಲ. ಪ್ಯಾರಿಸಿನಲ್ಲಿ 1750ರ ಸುಮಾರಿಗೆ ಲೆಗಾಲ್ ಎಂಬ ಆಟಗಾರ, ಖ್ಯಾತ ಫಿಲಿಡೋರನ ಗುರು, ಹೂಡಿದುದನ್ನೇ ನೋಡಿ. ಕರಿಯ ಒಂಟೆಯೊಂದು ಬಂದು ಅವನ ಕುದುರೆಯನ್ನು ತಡೆದು ನಿಲ್ಲಿಸಿದೆ. ಕುದುರೆ ಸರಿದರೆ ಹಿಂದಿರುವ ಮಂತ್ರಿ ಹೋಗುತ್ತಾನೆ. ಲೆಗಾಲ್ ಕುದುರೆಯನ್ನು ಸರಿಸಿಯೇ ಬಿಟ್ಟ, ನಡುವಣ ಕಾಲಾಳನ್ನು ಕಡಿದ. ಎದುರಾಳಿ ಹಿಗ್ಗಿ ಮಂತ್ರಿಯನ್ನು ನುಂಗಿದ. ಎರಡು ನಡೆ ಕಳೆಯುವಷ್ಟರಲ್ಲಿ ಒಂಟೆ ಮತ್ತು ಎರಡು ಕುದುರೆಗಳ ನಡುವೆ ಅವನ ರಾಜ ಸತ್ತಿದ್ದ. ಎದುರಾಳಿ ಆಸೆಪಡದೆ ಕಾಲಾಳಿನಿಂದ ಕುದುರೆಯನ್ನಷ್ಟೇ ಕಡಿದನೆನ್ನಿ. ಆಗಲೂ ಬಿಳಿಯ ಮಂತ್ರಿ ಆ ಒಂಟೆಯನ್ನು ಹಿಡಿದು, ಒಂದು ಕಾಲಾಳಿನ ಲಾಭದಲ್ಲಿ ಇರುತ್ತಾನೆ. ಮೀನು ಬಿದ್ದರೂ ಸರಿ, ಬೀಳದಿದ್ದರೂ ಬಲೆ ಹರಿಯದು. ನಾಲ್ಕು ನಡೆಯ ಬಲೆ ಹಾಗಲ್ಲ. ಬೀಳದಿದ್ದರೆ ಮಂತ್ರಿಯ ಓಡಾಟದಲ್ಲಿ ಸಮಯವೆಲ್ಲ ಹಾಳು. ಬಲೆ ಫಲಿಸುತ್ತದೆಯೆ ಎಂದು ಕೇಳುವವರು, ಫಲಿಸದಿದ್ದರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಮೊದಲು ಕೇಳಬೇಕು. ಇದೇ ಲೆಗಾಲ್ ಬಲೆಗೂ, ಕರಿಯವನ ಮಂತ್ರಿಯ ಕಡೆಯ ಕುದುರೆ ಆಗಲೇ ಹೊರಬಂದಿದ್ದರೆ, ತಳವಿಲ್ಲ: ಆ ಕುದುರೆ ನಮ್ಮ ಕುದುರೆಯನ್ನೂ ಕಡಿಯುತ್ತದೆ, ತನ್ನ ಒಂಟೆಯನ್ನೂ ಕಾಯುತ್ತದೆ.

ಈ ಐರೋಪ್ಯ ವಿದ್ಯೆಗೂ ನಮ್ಮ ಜಗಲಿಯ ಆಟಕ್ಕೂ ಮುಖಾಮುಖಿಯಾದುದು ಕಲ್ಕತ್ತೆಯಲ್ಲಿ. ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವಕೀಲ ಅಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯರೆಂಬ ಬಂಗಾಳಿ ಬ್ರಾಹ್ಮಣರೊಡನೆ 1848ರಿಂದ ವರ್ಷಗಟ್ಟಲೆ ಆಡಿದ. ಕಾಕ್ರೇನ್ ದಾಳಿಯ ಮನುಷ್ಯ. ಆ ವರ್ಷವೇ, ಪೆಟ್ರೋಫ್ ರಕ್ಷಣೆ ಎಂದು ಇಂದು ಕರೆಯುವ ಆರಂಭದಲ್ಲಿ, ನಾಲ್ಕನೆಯ ನಡೆಗೆ ಕುದುರೆಯನ್ನೇ ಬಲಿಗೊಟ್ಟು ಮಹೇಶಚಂದ್ರರ ರಾಜನನ್ನು ಬಯಲಿಗೆಳೆದ. ಆ ಬಲಿಗೆ ಈಗಲೂ ಅವನದೇ ಹೆಸರು. ಮಹೇಶಚಂದ್ರರೋ, ಕುದುರೆಯ ಮುಂದಣ ಕಾಲಾಳನ್ನು ಒಂದೇ ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆಯನ್ನು ಕೂರಿಸಿ, ದೂರದಿಂದ ನಡುಮಣೆಯನ್ನು ಕಾಯುವವರು. ಒಂದೊಂದೇ ಹೆಜ್ಜೆ ಇಡುವ ನಾಡಿನ ಅಭ್ಯಾಸವದು. 1855ರಲ್ಲಿ ಅವರು ಕರಿಯ ಕಾಯಿಗಳಿಂದ ಕಟ್ಟಿದ ವ್ಯೂಹವೊಂದನ್ನು ವಿಯೆನ್ನದ ಗ್ರ್ಯೂನ್‌ಫೆಲ್ಡ್ ಮತ್ತೆ ಬಳಕೆಗೆ ತಂದುದು 1922ರಲ್ಲಿ; ಹೆಸರು ಅವನದಾಯಿತು. ಆದರೂ ಇಂಥ ರಕ್ಷಣೆಗಳನ್ನು ಜಗತ್ತು ‘ಇಂಡಿಯನ್’ ಎಂದೇ ಕರೆಯುತ್ತದೆ. ಕಾಪುವಿನ ಜಗಲಿಯಲ್ಲಿ ನನ್ನ ಮಂತ್ರಿಯನ್ನು ಓಡಿಸಿದ ಕಾಲಾಳು ಅದೇ ಎಂಬುದು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ.

ಹಳೆಯ ಕ್ರಮವೇ ಮೇಲೆಂದು ನಾನು ವಾದಿಸುತ್ತಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ನಮ್ಮ ಕ್ರಮದಲ್ಲಿಯೇ ಬೆಳೆದವನು. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ, ಹೇಸ್ಟಿಂಗ್ಸಿನಲ್ಲಿ ಕಾಪಾಬ್ಲಾಂಕನನ್ನೂ ಸೋಲಿಸಿದ. ಆದರೆ ಆರಂಭದ ನಡೆಗಳಲ್ಲಿ ಅವನು ಪಟ್ಟ ಪಾಡು ಎಲ್ಲರಿಗೂ ಕಾಣುತ್ತಿತ್ತು.

ಇನ್ನು, ಬಲೆ ಬಲ್ಲವರಿಗೆ ಬಲೆ ಇಲ್ಲ ಎನ್ನುವಂತೆಯೂ ಇಲ್ಲ. 1988ರಲ್ಲಿ, ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದ ವರ್ಷವೇ, ಹದಿನೆಂಟರ ವಿಶ್ವನಾಥನ್ ಆನಂದ್ ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಕೊಲಂಬಿಯದ ಸಪಾಟನೆದುರು ಆರನೆಯ ನಡೆಗೆ ಆಟ ಬಿಟ್ಟುಕೊಟ್ಟರು. ಅದೂ ಪೆಟ್ರೋಫ್ ರಕ್ಷಣೆಯೇ. ಬಿಳಿಯ ಮಂತ್ರಿ ರಾಜನ ಮುಂದೆ ಒಂದು ಹೆಜ್ಜೆ ಇಟ್ಟ; ಕರಿಯ ಕುದುರೆ ಸರಿಯಲೂ ಆಗದೆ, ಉಳಿಯಲೂ ಆಗದೆ ಸಿಕ್ಕಿಬಿತ್ತು. ಆನಂದ್ ಆಡಿದ ತಪ್ಪುನಡೆ, ಹಿಂದೆ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳ ಆಟದಲ್ಲಿ ಶಿಕ್ಷೆಯಿಲ್ಲದೆ ದಾಟಿಹೋಗಿದ್ದ ನಡೆ. ಏನೂ ಓದದ ನನ್ನ ಮಾವ ತಪ್ಪಿಸಿಕೊಂಡರು. ಓದಿದ್ದನ್ನು ನಂಬಿದ ಆನಂದರು ಸಿಕ್ಕಿದರು. ಕಾಕ್ರೇನನ ಕುದುರೆಬಲಿಯನ್ನು 1999ರಲ್ಲಿ ಲಿನಾರೆಸಿನಲ್ಲಿ ಟೋಪಲೋವ್, ಕ್ರಾಮ್ನಿಕರ ಎದುರು ಹೂಡಿದಾಗ ಆಟ ಸಮವಾಯಿತು.

ನನ್ನ ಬಲೆಗಾರಿಕೆ ಮುಗಿದುದು ಕಾರ್ಕಳದಲ್ಲಿ, ಒಂದು ಸ್ಪರ್ಧೆಯ ಮೊದಲ ಸುತ್ತಿನಲ್ಲಿ. ಎದುರಿಗೆ ಹತ್ತು ವರ್ಷದ ಹುಡುಗಿ. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲಕ್ಕೆ ಮುಟ್ಟದು. ಲೆಗಾಲನಂತೆ ಮಂತ್ರಿಯನ್ನು ಬಿಟ್ಟು ಕುದುರೆಯನ್ನು ಹಾರಿಸಿದೆ. ಅವಳ ಕುದುರೆ ಆಗಲೇ ಹೊರಬಂದಿದ್ದುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಮಂತ್ರಿಯತ್ತ ನೋಡಲೂ ಇಲ್ಲ. ನನ್ನ ಕುದುರೆಯನ್ನು ಎತ್ತಿ ಬದಿಗಿಟ್ಟು, ಸರದಿ ನನ್ನದೆಂಬಂತೆ ಮುಖ ನೋಡಿದಳು.

ಮರುದಿನ ಕಾಪುವಿನಲ್ಲಿ ಆಟವನ್ನು ಮಾವನಿಗೆ ಮೊದಲಿನಿಂದ ಆಡಿ ತೋರಿಸಿದೆ. ಅವರು ಕೊನೆಯವರೆಗೂ ಸುಮ್ಮನಿದ್ದು, “ಆ ಮಗು ಯಾರ ಹತ್ತಿರ ಕಲಿತದ್ದು?” ಎಂದಷ್ಟೇ ಕೇಳಿದರು. ಮಾವ ಈಗ ಇಲ್ಲ. ನಮ್ಮ ಕ್ರಮದಲ್ಲಿ ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ಹಾರುವ ಹಕ್ಕಿತ್ತು. ಚೆಕ್ ಬಿದ್ದ ಮೇಲೂ ಅದು ಉಳಿಯುತ್ತಿತ್ತೆ, ಕೊನೆಯ ಸಾಲು ಮುಟ್ಟಿದ ಕಾಲಾಳು ಆ ಸಾಲಿನ ಕಾಯಿಯೇ ಆಗಬೇಕಿತ್ತೆ, ಕಾಪುವಿನ ಪದ್ಧತಿ ಯಾವುದಾಗಿತ್ತು ಎಂಬುದನ್ನು ನಾನು ಒಮ್ಮೆಯೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಅವರ ಮಣೆ ನನ್ನಲ್ಲಿದೆ. ಕಳೆದುಹೋದ ಒಂದು ಕಾಲಾಳಿನ ಬದಲಿಗೆ ಚೆನ್ನೆಮಣೆಯ ಕಾಯಿಯೊಂದನ್ನು ಅವರು ಇಟ್ಟಿದ್ದರು. ಅದು ಈಗಲೂ ಪೆಟ್ಟಿಗೆಯಲ್ಲಿದೆ.