ವದ್ದಿಕೆರೆಯಲ್ಲಿ ಬಿದ್ದ ವಿಮಾನ ಕಲಿಸುವ ಪಾಠ



2023ರ ಆಗಸ್ಟ್ 20, ಭಾನುವಾರ. ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲವೊಂದರಲ್ಲಿ ಪೈಲಟ್ ಇಲ್ಲದ ವಿಮಾನವೊಂದು ಬಿತ್ತು. ಅದರ ಹೆಸರು ತಪಸ್. ಚಳ್ಳಕೆರೆ ತಾಲ್ಲೂಕಿನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆಯಿಂದ ಅದು ಹಾರಿತ್ತು. ಅಲ್ಲಾಹನ ಕೃಪೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಆ ದಿನ ಮಗ್ರಿಬ್ ನಮಾಝಿನ ನಂತರ ಆದಿವಾಲದ ನಮ್ಮ ಮಸೀದಿಯ ಅಂಗಳದಲ್ಲಿ ಹುಡುಗರು ಮೊಬೈಲಿನಲ್ಲಿ ಅದರ ಚಿತ್ರ ನೋಡುತ್ತಾ ನಗುತ್ತಿದ್ದರು. "ಕೋಟಿಗಟ್ಟಲೆ ದುಡ್ಡು ಹೊಲಕ್ಕೆ ಬಿತ್ತು" ಎಂದ ಒಬ್ಬ. ಮುಂದಿನ ಶುಕ್ರವಾರದ ಜುಮಾ ಖುತ್ಬಾದಲ್ಲಿ ನಾವು ಆ ನಗುವಿನ ಬಗ್ಗೆಯೇ ಮಾತನಾಡಿದೆವು. ಅಂದು ಹೇಳಿದ್ದನ್ನು ಇನ್ನಷ್ಟು ವಿವರಗಳೊಂದಿಗೆ ಇಲ್ಲಿ ಬರೆಯುತ್ತಿದ್ದೇವೆ.

ಪವಿತ್ರ ಕುರ್‌ಆನಿನಲ್ಲಿ ಹಝ್ರತ್ ದಾವೂದ್(ಅ)ರ ವೃತ್ತಾಂತ ಬರುತ್ತದೆ. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು. ಕಬ್ಬಿಣ ಮೆದುವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದೂ ಅವರಿಗೆ ಆಜ್ಞೆಯಾಯಿತು. ವರ ದೇವರದ್ದು, ಅಳತೆ ಮನುಷ್ಯನದ್ದು. ಒಂದು ಕೊಂಡಿ ತಪ್ಪಿದರೂ ಬಾಣ ಅಲ್ಲಿಂದಲೇ ಒಳಗೆ ಬರುತ್ತದೆ. ಅವರು ಮಾಡಿದ್ದು ಜನರನ್ನು ಕಾಪಾಡುವ ಕವಚ ಎಂಬುದನ್ನೂ ನೆನಪಿಡೋಣ.

ಹಾರಾಟದ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾ ನಗರದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಅವರು ಮೈಗೆ ಗರಿ ಹೊದಿಸಿಕೊಂಡು, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿದರೆಂದು ಶತಮಾನಗಳ ನಂತರ ಇತಿಹಾಸಕಾರ ಅಲ್-ಮಖ್ಖರಿ ಬರೆದಿದ್ದಾರೆ. ಸ್ವಲ್ಪ ದೂರ ಹೋದರು, ಆದರೆ ಇಳಿಯುವಾಗ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಹಕ್ಕಿ ಬಾಲದ ನೆರವಿನಿಂದ ಇಳಿಯುತ್ತದೆ, ಇವರು ಬಾಲ ಮಾಡಿಕೊಂಡಿರಲಿಲ್ಲ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಗಮನಿಸಿ, ಹಾರಿದ್ದನ್ನಷ್ಟೇ ಬರೆದಿಟ್ಟಿಲ್ಲ. ಯಾಕೆ ಬಿದ್ದರು ಎಂಬುದನ್ನೂ ಬರೆದಿಟ್ಟಿದ್ದಾರೆ. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಇಬ್ನ್ ಫಿರ್ನಾಸ್ ಹೆಸರಿದೆ.

ಈಗ ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ವಿಮಾನ ಕಟ್ಟುವ ಕೆಲಸ ಬೆಂಗಳೂರಿನಲ್ಲಿ ಏಕೆ ಬೇರುಬಿಟ್ಟಿತು? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ವಿಮಾನ ಕಾರ್ಖಾನೆ ಕಟ್ಟಲು ಮುಂದಾದರು. ಅವರಿಗೆ ಜಾಗವನ್ನೂ ಬಂಡವಾಳವನ್ನೂ ಒದಗಿಸಿದ್ದು ಮೈಸೂರು ಸಂಸ್ಥಾನ. ಆಗ ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ವಾಲ್‌ಚಂದರ 25 ಲಕ್ಷ ರೂಪಾಯಿಗೆ ಮೈಸೂರು ಸರ್ಕಾರವೂ 25 ಲಕ್ಷ ಸೇರಿಸಿತು. 1964ರಲ್ಲಿ ಅದೇ ಕಂಪನಿ ಇಂದಿನ ಎಚ್‌ಎಎಲ್ ಆಯಿತು. ನಮ್ಮ ಸಮುದಾಯದ ಮಕ್ಕಳಿಗೆ ಮಿರ್ಜಾ ಅವರ ಹೆಸರು ಗೊತ್ತಿರುವುದು ಕಡಿಮೆ. ಗೊತ್ತಿದ್ದವರಿಗೂ ಬೃಂದಾವನದ ಕಾರಂಜಿಗಳಷ್ಟೇ ನೆನಪಾಗುತ್ತವೆ. ಒಬ್ಬ ಆಡಳಿತಗಾರ ಸರಿಯಾದ ಹೊತ್ತಿಗೆ ಕೊಟ್ಟ ಸಹಕಾರದ ಫಲವನ್ನು ಎಂಬತ್ತು ವರ್ಷ ಕಳೆದರೂ ಸಾವಿರಾರು ಮನೆಗಳು ಉಣ್ಣುತ್ತಿವೆ.

ಮೊದಲು ಅಲ್ಲಿ ನಡೆದದ್ದು ಹೊರದೇಶದ ವಿಮಾನಗಳ ಜೋಡಣೆ ಮತ್ತು ಯುದ್ಧಕಾಲದ ರಿಪೇರಿ. ರಿಪೇರಿ ಮಾಡುತ್ತಾ ಕೈ ಪಳಗಿತು. 1951ರ ಆಗಸ್ಟ್‌ನಲ್ಲಿ ವಿ.ಎಂ. ಘಾಟ್ಗೆಯವರ ತಂಡ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2 ಹಾರಿತು. 1961ರ ಜೂನ್ 17ರಂದು ಮಾರುತ್ ಯುದ್ಧವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ನಮ್ಮ ಎಂಜಿನಿಯರುಗಳು ಕಟ್ಟಿದ ವಿಮಾನ ಅದು. ದೇಹ ಚೆನ್ನಾಗಿತ್ತು, ಎದೆ ಸಾಲಲಿಲ್ಲ. ಯಾವ ಶಕ್ತಿಶಾಲಿ ಎಂಜಿನ್ ಬರುತ್ತದೆಂದು ನಂಬಿ ವಿನ್ಯಾಸ ಮಾಡಿದ್ದರೋ ಆ ಎಂಜಿನ್ ಬ್ರಿಟನ್ನಿನಿಂದ ಬರಲೇ ಇಲ್ಲ. ಕಡಿಮೆ ಶಕ್ತಿಯ ಎಂಜಿನಿನಲ್ಲೇ ಅದು ಸೇವೆ ಮುಗಿಸಿತು.

ಈ ಕೊರತೆ ಇಂದಿಗೂ ತೀರಿಲ್ಲ. ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಅದಕ್ಕಾಗಿ 1980ರ ದಶಕದಲ್ಲೇ ಕಾವೇರಿ ಎಂಬ ಸ್ವದೇಶಿ ಎಂಜಿನಿನ ಕೆಲಸ ಶುರುವಾಗಿತ್ತು. ಅದು ಬೇಕಾದ ಬಲಕ್ಕೆ ಮುಟ್ಟಲಿಲ್ಲ, ತೇಜಸ್ ಅಮೆರಿಕದ ಎಂಜಿನಿನಲ್ಲೇ ಹಾರುತ್ತಿದೆ. ಈಚಿನ ವರ್ಷಗಳಲ್ಲಿ ಅಲ್ಲಿಂದ ಎಂಜಿನ್ ಬರುವುದು ತಡವಾದಾಗ ಇಲ್ಲಿ ಹೊಸ ತೇಜಸ್ ವಿಮಾನಗಳೂ ಕಾಯಬೇಕಾಯಿತು. ಸಾಲದ ಎತ್ತಿನಲ್ಲಿ ಹೊಲ ಉಳುವವನ ಪಾಡು ಇದು. ಹದ ನಮ್ಮದು, ಎತ್ತು ಬರುವ ದಿನ ಅವರದು. ಬೇರೆಯವರಿಗೂ ಈ ಅನುಭವವಾಗಿದೆ. 2020ರಲ್ಲಿ ತುರ್ಕಿಯ ಡ್ರೋನ್‌ಗಳಿಗೆ ಬೇಕಾದ ಕ್ಯಾಮೆರಾ ಮಾರುವುದನ್ನು ಕೆನಡಾ ನಿಲ್ಲಿಸಿತು. ತುರ್ಕಿಯವರು ತಮ್ಮದೇ ದೇಶದ ಅಸೆಲ್ಸಾನ್ ಕಂಪನಿಯ ಕ್ಯಾಮೆರಾ ಜೋಡಿಸಿದರು. ಬಾಗಿಲು ಮುಚ್ಚುವ ಮೊದಲೇ ಅವರು ಅದರ ಕೆಲಸ ಆರಂಭಿಸಿದ್ದರಿಂದ ಅದು ಸಾಧ್ಯವಾಯಿತು.

ಹಾಗಾದರೆ ಸೋತಾಗ ಏನು ಮಾಡಬೇಕು? ನಮ್ಮಲ್ಲಿ ಒಂದು ಗಾದೆಯಿದೆ, ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು. ಹಾಗೆ ಹೇಳಿಕೊಳ್ಳುವ ಜಟ್ಟಿ ನಾಳೆಯೂ ಬೀಳುತ್ತಾನೆ. ರಾಮೇಶ್ವರದ ಮಸೀದಿಯ ಇಮಾಮರೊಬ್ಬರ ಮಗ ಎ.ಪಿ.ಜೆ. ಅಬ್ದುಲ್ ಕಲಾಂ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತರಬೇತಿ ಪಡೆದವರು. ವಾಯುಪಡೆಯ ಪೈಲಟ್ ಆಗಬೇಕೆಂದು ಹೋದಾಗ ಎಂಟು ಜನರನ್ನು ಆರಿಸಿದರು, ಇವರು ಒಂಬತ್ತನೆಯವರಾಗಿದ್ದರು. 1979ರ ಆಗಸ್ಟ್ 10ರಂದು ಇವರ ನೇತೃತ್ವದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅಂದು ಪತ್ರಕರ್ತರ ಮುಂದೆ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಹೊಣೆ ಹೊತ್ತರು. 1980ರ ಜುಲೈ 18ರಂದು ರಾಕೆಟ್ ಯಶಸ್ವಿಯಾದಾಗ ಮಾತನಾಡಲು ಕಲಾಂರನ್ನು ಮುಂದೆ ಕಳಿಸಿದರು. ದೀನಿನಲ್ಲಿ ನಾವು ಮುಹಾಸಬಾ ಎನ್ನುವುದು ಇದನ್ನೇ. ತಪ್ಪಿನ ಲೆಕ್ಕವನ್ನು ಮೊದಲು ತನ್ನ ಮೇಲೆ ಹಾಕಿಕೊಳ್ಳುವುದು.

ಈಗ ಮತ್ತೆ ನಮ್ಮ ಜಿಲ್ಲೆಗೆ. ಚಳ್ಳಕೆರೆಯ ಪರೀಕ್ಷಾ ನೆಲೆ 2017ರ ಮೇ ತಿಂಗಳಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ ತಪಸ್ ಅಲ್ಲಿಂದ ಮೊದಲು ಹಾರಿತ್ತು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ಒಂದು ತಪಸ್ ಬಿತ್ತು. 2023ರಲ್ಲಿ ವದ್ದಿಕೆರೆಯಲ್ಲಿ ಇನ್ನೊಂದು. 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬೇಕೆಂಬುದು ಗುರಿ. ಮುಟ್ಟಿದ್ದು 28,000 ಅಡಿ, 18 ಗಂಟೆ. ಇದು ಸೋಲೇ, ಮುಚ್ಚಿಡುವುದು ಬೇಡ. ಆದರೆ ಅದೇ ನೆಲೆಯಲ್ಲಿ ಬೇರೆ ಸಂಗತಿಗಳೂ ನಡೆದವು. 2022ರ ಜುಲೈ 1ರಂದು ಬರೀ ರೆಕ್ಕೆಯ ಆಕಾರದ ಚಿಕ್ಕ ವಿಮಾನವೊಂದು ತಾನೇ ಏರಿ, ತಾನೇ ದಾರಿ ಹಿಡಿದು, ತಾನೇ ಇಳಿಯಿತು. ಆರು ಪರೀಕ್ಷೆಗಳ ನಂತರ 2023ರ ಡಿಸೆಂಬರ್ 15ರಂದು ಅದು ಬಾಲವೇ ಇಲ್ಲದ ರೂಪದಲ್ಲಿ ಹಾರಿ ಇಳಿದ ಸುದ್ದಿ ಬಂತು. ಬಾಲವಿಲ್ಲದ್ದಕ್ಕೆ ಇಬ್ನ್ ಫಿರ್ನಾಸ್ ಬೆನ್ನು ನೋಯಿಸಿಕೊಂಡು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು. 2024ರ ಮಾರ್ಚ್ 22, ರಮಝಾನಿನ ಶುಕ್ರವಾರ ಬೆಳಿಗ್ಗೆ, ಇಸ್ರೋದ ಪುಷ್ಪಕ್ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ಇದೇ ನೆಲೆಯ ರನ್‌ವೇಗೆ ತಾನಾಗಿ ಬಂದು ಇಳಿಯಿತು.

ಇನ್ನೊಂದನ್ನು ಹೇಳಬೇಕು. ವದ್ದಿಕೆರೆಯಲ್ಲಿ ತಪಸ್ ಬಿದ್ದ ಮೂರನೇ ದಿನ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದಿತ್ತು. ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ಅದಕ್ಕೆ ತಕ್ಕಂತೆ ಹೊಸ ಲ್ಯಾಂಡರ್ ಕಟ್ಟಿದೆವು ಎಂದು ಇಸ್ರೋದವರೇ ಹೇಳಿದರು. ಹೊಲಕ್ಕೆ ಬಿದ್ದದ್ದನ್ನು ನೋಡಿ ನಕ್ಕ ಹುಡುಗರೇ ಮೂರು ದಿನದ ಬಳಿಕ ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದರು. ಆ ಬೀಳುವಿಕೆಯೂ ಈ ಇಳಿಯುವಿಕೆಯೂ ಒಂದೇ ದಾರಿಯವು ಎಂದು ಅವರಿಗೆ ಹೇಳಿಕೊಡುವವರು ಬೇಕಿತ್ತು.

ಲೆಕ್ಕ ಎಂದ ಮೇಲೆ ಪೂರ್ತಿ ಲೆಕ್ಕ ಇರಬೇಕು. ಈ ನೆಲೆ ನಿಂತಿರುವುದು ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನ ಮೇಲೆ. ಹೈದರ್ ಅಲಿ, ಟಿಪ್ಪು ಸುಲ್ತಾನರ ಫಿರಂಗಿ ಎಳೆದ ಎತ್ತುಗಳ ತಳಿಗೆಂದು ಮೀಸಲಿದ್ದ ಕಾವಲುಗಳಿವು. ಅಮೃತ್ ಮಹಲ್ ಎಂಬ ಹೆಸರೇ ಟಿಪ್ಪು ಕಾಲದ್ದು. ಡಿಆರ್‌ಡಿಒಗೆ 4,000ಕ್ಕೂ ಹೆಚ್ಚು ಎಕರೆ ಹೋಯಿತು. ಇತರ ಸಂಸ್ಥೆಗಳಿಗೂ ಸಾವಿರಾರು ಎಕರೆ ಹೋಯಿತು. ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವವರ ದಾರಿಗೆ ಗೋಡೆ ಬಂತು. ಅವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನೀರು, ಮೇವು, ಬೆಂಕಿ ಎಲ್ಲರ ಪಾಲು ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಹಾರಿದ ವಿಮಾನದ ಹೆಮ್ಮೆಯಲ್ಲಿ ಮೇವು ಕಳೆದುಕೊಂಡ ನೆರೆಯವನನ್ನು ಮರೆತರೆ ಆ ಕವಚದಲ್ಲಿ ಒಂದು ಕೊಂಡಿ ತಪ್ಪಿದಂತೆಯೇ.

ಕೊನೆಗೆ ನಮ್ಮ ಲೆಕ್ಕ. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ, ವೆಲ್ಡಿಂಗ್ ಅಂಗಡಿಗಳಲ್ಲಿ ನಮ್ಮ ಎಷ್ಟು ಹುಡುಗರ ಕೈ ದಾವೂದ್(ಅ)ರ ಕಸುಬಿನಲ್ಲಿ ಪಳಗಿಲ್ಲ! ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಆದರೆ ಹಲವರು ಎಸ್‌ಎಸ್‌ಎಲ್‌ಸಿಗೆ ಮೊದಲೇ ಶಾಲೆ ಬಿಟ್ಟಿದ್ದಾರೆ. ಹೀಗಾಗಿ ಅವರಿಗೆ ಕೈ ಇದೆ, ಅಳತೆಯ ವಿದ್ಯೆ ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಡ್ರೋನ್ ಹಾರಿಸುವ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ಅಡಿಕೆ, ದಾಳಿಂಬೆ ತೋಟಗಳಿರುವ ನಮ್ಮ ತಾಲ್ಲೂಕಿನಲ್ಲಿ ಔಷಧ ಸಿಂಪಡಿಸುವ ಡ್ರೋನಿಗೆ ಕೆಲಸವಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೋನ್ ಕೊಡುವ ಕೇಂದ್ರ ಯೋಜನೆಯೂ ಇದೆ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ಅಂದರೆ ಜೋಡಿಸುವ, ರಿಪೇರಿ ಮಾಡುವ ಕೈಗಳು ಇಲ್ಲೇ ಬೇಕು. ಎಚ್‌ಎಎಲ್ ಶುರುವಾದದ್ದೂ ಜೋಡಣೆ, ರಿಪೇರಿಯಿಂದಲೇ ಅಲ್ಲವೇ?

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗ ಗ್ಯಾರೇಜಿಗೆ ಹೋಗಲಿ, ಆದರೆ ಹತ್ತನೇ ತರಗತಿ ಮುಗಿಸಿ ಹೋಗಲಿ. ಆಗುವುದಾದರೆ ಐಟಿಐ ಮುಗಿಸಿ ಹೋಗಲಿ. ಗಣಿತದಲ್ಲಿ ಫೇಲಾದ ಮಗುವನ್ನು ನೋಡಿ ನಗಬೇಡಿ. ಯಾವ ಲೆಕ್ಕದಲ್ಲಿ ಎಡವಿತು ಎಂದು ಪಕ್ಕದಲ್ಲಿ ಕುಳಿತು ಕೇಳಿ. ಹಿಂದುಳಿದಿದ್ದೇವೆ ಎಂದು ಕೊರಗುವುದಕ್ಕಿಂತ ಎಲ್ಲಿ ಎಡವಿದೆವು ಎಂದು ಬರೆದಿಟ್ಟುಕೊಳ್ಳುವುದು ಸಮುದಾಯಕ್ಕೂ ಒಳ್ಳೆಯದು.

ಯಾ ಅಲ್ಲಾಹ್, ಆಕಾಶದಲ್ಲಿ ಹಕ್ಕಿಗಳನ್ನು ಹಿಡಿದು ನಿಲ್ಲಿಸುವವನು ನೀನೇ. ನಮ್ಮ ಮಕ್ಕಳ ಕೈಗೆ ಕಸುಬನ್ನು, ಬುದ್ಧಿಗೆ ಅಳತೆಯನ್ನು, ಮನಸ್ಸಿಗೆ ನ್ಯಾಯವನ್ನು ಕರುಣಿಸು. ಬಿದ್ದಾಗ ಸುಳ್ಳು ಹೇಳದವರನ್ನಾಗಿ, ಏಳುವಾಗ ನೆರೆಯವನನ್ನು ತುಳಿಯದವರನ್ನಾಗಿ ಮಾಡು. ಆಮೀನ್.