ಹದಿನೆಂಟಲ್ಲದ ಹದಿನೆಂಟು: ಡ್ರಾಯರ್ ಕತ್ತರಿಸುವಾಗಿನ ಒಂದು ಅಳತೆದೋಷ

ಶಿವಮೊಗ್ಗ, ಭದ್ರಾವತಿಗಳ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಕಬ್ಬಿಣ ಎರೆಯುವುದಕ್ಕೂ ಮರ ಕೊರೆಯುವುದಕ್ಕೂ ಹಳೆಯ ನಂಟಿರುವ ಈ ಸೀಮೆಯಲ್ಲಿ ನಿಂತು, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಒಂದು ಸಮಸ್ಯೆಯನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಪರದೆಯ ಮೇಲೆ ಚೊಕ್ಕವಾಗಿ ಕೂತ ಡ್ರಾಯರ್, ಕತ್ತರಿಸಿ ಜೋಡಿಸಿದ ಮೇಲೆ ಕ್ಯಾಬಿನೆಟ್ಟಿನೊಳಗೆ ಹೋಗುವುದೇ ಇಲ್ಲ, ಇಲ್ಲವೇ ಗಡಗಡ ಅಲುಗಾಡುತ್ತದೆ. ದೂರು ಸಾಫ್ಟ್‌ವೇರಿನ ಮೇಲೆ ಬೀಳುತ್ತದೆ. ನನ್ನ ವಾದವೇನೆಂದರೆ, ಮೊದಲು ಅನುಮಾನಿಸಬೇಕಾದದ್ದು ನಾವೇ ಅದಕ್ಕೆ ಕೊಟ್ಟ ಒಂದು ಸಂಖ್ಯೆಯನ್ನು: ಹಲಗೆಯ ದಪ್ಪವನ್ನು.

18 ಮಿ.ಮೀ. ಎಂದು ಮಾರುವ ಪ್ಲೈವುಡ್ 18 ಇರಲೇಬೇಕೆಂದಿಲ್ಲ. ಸಾಮಾನ್ಯ ಬಳಕೆಯ ಪ್ಲೈವುಡ್ಡಿಗಿರುವ ಭಾರತೀಯ ಮಾನಕ ಐಎಸ್ 303 ಈ ದಪ್ಪದ ಹಾಳೆಗೆ ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅಂದರೆ 17.1ರಿಂದ 18.9ರವರೆಗೆ ಎಲ್ಲವೂ ನ್ಯಾಯವಾಗಿ ‘ಹದಿನೆಂಟೇ’.

ಲೆಕ್ಕ ಹಾಕಿ ನೋಡೋಣ. ಹೊರ ಅಗಲ 600 ಮಿ.ಮೀ. ಇರುವ ಕ್ಯಾಬಿನೆಟ್, ತಳದ ಹಲಗೆ ಎರಡು ಪಕ್ಕದ ಹಲಗೆಗಳ ನಡುವೆ ಕೂರುತ್ತದೆ. ಸಾಫ್ಟ್‌ವೇರ್ ಎರಡು ಹದಿನೆಂಟು ಕಳೆದು ಒಳ ಅಗಲ 564 ಎನ್ನುತ್ತದೆ. ಟೆಲಿಸ್ಕೋಪಿಕ್ ಚಾನೆಲ್ಲಿಗೆ ಎರಡೂ ಬದಿ ಸೇರಿ 26 ಬಿಟ್ಟರೆ ಡ್ರಾಯರಿನ ಹೊರ ಅಗಲ 538. ಅದರ ಎರಡು ಪಕ್ಕಗಳ ನಡುವೆ ಕೂರುವ ಮುಂದಿನ ಮತ್ತು ಹಿಂದಿನ ತುಂಡುಗಳು 502. ಈಗ ಹಲಗೆ ನಿಜಕ್ಕೂ 17.4 ಇದ್ದರೆ ಡ್ರಾಯರ್ 536.8ಕ್ಕೆ ಇಳಿಯುತ್ತದೆ, ಸಡಿಲ 27.2 ಆಗುತ್ತದೆ. ಅದೇ 18ರ ಹಲಗೆಗೆ ಕತ್ತರಿಸುವ ಮೊದಲೇ ಎರಡೂ ಮುಖಕ್ಕೆ 0.8ರ ಲ್ಯಾಮಿನೇಟ್ ಅಂಟಿಸಿದ್ದರೆ ದಪ್ಪ 19.6. ಡ್ರಾಯರ್ 541.2ಕ್ಕೆ ಉಬ್ಬಿ, ಉಳಿಯುವ ಜಾಗ 22.8. ಒಂದೊಂದು ಚಾನೆಲ್ಲಿನ ದಪ್ಪ ಸುಮಾರು 12.7; ಎರಡಕ್ಕೆ 25.4 ಬೇಕು. ಸುತ್ತಿಗೆ ತಂದರೂ ಹೋಗದು. ಸಡಿಲವೂ ಬಿಗಿಯೂ ಹುಟ್ಟಿದ್ದು ಒಂದೇ ತಪ್ಪಿನಿಂದ.

ಇನ್ನೊಂದು ದೋಷ ಹೆಚ್ಚು ಸೂಕ್ಷ್ಮ. ಯಂತ್ರದ ಝಡ್ ಸೊನ್ನೆಯನ್ನು, ಅಂದರೆ ಎತ್ತರದ ಅಳತೆ ಶುರುವಾಗುವ ಜಾಗವನ್ನು, ಮೇಜಿನಿಂದ ಹಿಡಿದಿದ್ದರೆ, ತಳದ ಹಲಗೆ ಕೂರಲು 9 ಮಿ.ಮೀ. ಆಳದ ಗ್ರೂವ್ (ತೋಡು) ಎಂದರೆ ಕಟ್ಟರ್ ಮೇಜಿನಿಂದ 9ರ ಎತ್ತರದಲ್ಲಿ ಓಡುತ್ತದೆ. 17.4ರ ಹಲಗೆಯಲ್ಲಿ ಆಳ 8.4 ಮಾತ್ರ. ತಳದ ತೆಳು ಹಲಗೆ ಎರಡು ಕಡೆಯೂ 0.6ರಷ್ಟು ಮುಂಚೆಯೇ ತಡೆದು ನಿಲ್ಲುತ್ತದೆ, ಮೂಲೆಯ ಕೂಡಿಕೆ ಮುಚ್ಚಿಕೊಳ್ಳುವುದಿಲ್ಲ. ಜೋಡಿಸುವವನು ಅಂಟು ಸಾಲದೆಂದುಕೊಂಡು ಕ್ಲಾಂಪ್ ಬಿಗಿಯುತ್ತಾನೆ. ಸೊನ್ನೆಯನ್ನು ಹಲಗೆಯ ಮೇಲ್ಮೈಯಿಂದ ಹಿಡಿದರೆ ಗ್ರೂವ್ ಸರಿಯಾಗುತ್ತದೆ, ಆದರೆ ಹಲಗೆಯನ್ನು ಪೂರ್ತಿ ಕತ್ತರಿಸುವಾಗ ಕಟ್ಟರ್ ಮೇಜನ್ನು ಕಾಯಲು ಕೆಳಗೆ ಹಾಸಿದ ಬಲಿಹಲಗೆಯನ್ನು 0.6ರಷ್ಟು ಹೆಚ್ಚು ಗೀರುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಲೇಸು: ಹಾಳಾಗುವುದು ಬಲಿಹಲಗೆ, ಡ್ರಾಯರಲ್ಲ.

ಗ್ರೂವೇ ಕೊರೆಯದೆ ತುಂಡು ಹೊರಬರುವುದೂ ಉಂಟು. 6ರ ತಳದ ಪ್ಲೈ ಅಳೆದರೆ 5.5 ಬಂತೆಂದು ನಕ್ಷೆಯಲ್ಲಿ ಗ್ರೂವನ್ನು 5.5 ಮಾಡುತ್ತೇವೆ, ಕಟ್ಟರ್ ಮಾತ್ರ 6ರದ್ದೇ. ತನಗಿಂತ ಕಿರಿದಾದ ಸಂದಿಗೆ ಅದು ಇಳಿಯಲಾರದು, ಎಷ್ಟೋ ಸಾಫ್ಟ್‌ವೇರ್‌ಗಳು ಆ ದಾರಿಯನ್ನು ಬಿಟ್ಟು ಮುಂದೆ ಹೋಗುತ್ತವೆ. 4ರ ಕಟ್ಟರ್ ಹಾಕಿ ಎರಡು ಸಲ ಓಡಿಸಿದರೆ ಬೇಕಾದ ಅಗಲ ಸಿಗುತ್ತದೆ.

ಬಡಗಿಯ ಹಳೆಯ ಪದ್ಧತಿಯಲ್ಲಿ ಈ ತೊಡಕಿಗೆ ಎಡೆಯೇ ಇರಲಿಲ್ಲ. ಒಂದು ಹಲಗೆಯನ್ನು ಇನ್ನೊಂದರ ಮೇಲಿಟ್ಟು ಗೆರೆ ಹಾಕಿದರೆ ದಪ್ಪ ತಾನಾಗಿ ದಾಟಿಕೊಳ್ಳುತ್ತದೆ. ಅದನ್ನು ಸಂಖ್ಯೆಯಾಗಿ ಹೇಳುವ ಅಗತ್ಯ ಬೀಳದು. ಕಂಪ್ಯೂಟರ್ ಆ ಸಂಖ್ಯೆಯನ್ನು ಕೇಳುತ್ತದೆ, ನಾವು ಬಿಲ್ಲಿನಲ್ಲಿದ್ದದ್ದನ್ನು ಬರೆಯುತ್ತೇವೆ. ಭದ್ರಾವತಿಯವರಿಗೆ ಇನ್ನೊಂದು ನಿದರ್ಶನ ಹತ್ತಿರದಲ್ಲೇ ಇದೆ. 1923ರಲ್ಲಿ ಅಲ್ಲಿ ಕೆಲಸ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕಾಲದಿಂದಲೂ ಎರಕ ಈ ಊರಿನ ಕಸುಬು. ಎರಕಕ್ಕೆ ಮರದ ಪ್ಯಾಟರ್ನ್ ಮಾಡುವವನು ನಕ್ಷೆಯ ಅಳತೆಯನ್ನು ಹಾಗೆಯೇ ಮರಕ್ಕೆ ಇಳಿಸುವುದಿಲ್ಲ. ಬೀಡು ಕಬ್ಬಿಣ ಆರುವಾಗ ಕುಗ್ಗುತ್ತದೆಂದು ಅಡಿಗೆ ಅಂಗುಲದ ಎಂಟನೇ ಒಂದು ಭಾಗ, ಅಂದರೆ ಅಡಿಗೊಂದು ನೂಲಿನಷ್ಟು, ದೊಡ್ಡದಾಗಿಯೇ ಕೆತ್ತುತ್ತಾನೆ. ನಕ್ಷೆಯ ಸಂಖ್ಯೆ ಬೇರೆ, ವಸ್ತುವಿನ ಸಂಖ್ಯೆ ಬೇರೆ ಎಂಬ ತಿಳಿವಳಿಕೆ ಅವನ ಅಳತೆಪಟ್ಟಿಯಲ್ಲೇ ಇದೆ.

ದೋಷ ಹುಡುಕುವಾಗ ಹಸ್ತಪ್ರತಿ ಪರಿಷ್ಕರಿಸುವವರ ಕ್ರಮವನ್ನೇ ಹಿಡಿಯಬಹುದು. ನಕ್ಷೆ, ಕತ್ತರಿಪಟ್ಟಿ, ಯಂತ್ರಕ್ಕೆ ಆಜ್ಞೆ ಕೊಡುವ ಜಿ-ಕೋಡ್, ಕತ್ತರಿಸಿದ ತುಂಡು: ನಾಲ್ಕೂ ಒಂದೇ ಕೃತಿಯ ಪ್ರತಿಗಳು. ಒಂದೇ ಅಳತೆಯನ್ನು ನಾಲ್ಕರಲ್ಲೂ ಓದಿ, ಎಲ್ಲಿ ಮೊದಲು ಪಾಠ ಬದಲಾಯಿತೋ ಅಲ್ಲಿ ನಿಲ್ಲಬೇಕು. ಜಿ-ಕೋಡ್ ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಜಿ21 ಎಂದಿದ್ದರೆ ಮಿಲಿಮೀಟರ್, ಜಿ20 ಎಂದಿದ್ದರೆ ಅಂಗುಲ, ತುಂಡು 25.4 ಪಟ್ಟು ಹಿಗ್ಗಿದ್ದರೆ ಅಥವಾ ಕುಗ್ಗಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ. ನಾಲ್ಕು ಪ್ರತಿಗಳೂ ಒಂದೇ ಮಾತು ಹೇಳಿ, ಡ್ರಾಯರ್ ಮಾತ್ರ ಕೂರದಿದ್ದರೆ ಉಳಿಯುವ ಮುಖ್ಯ ಅನುಮಾನ ದಪ್ಪದ್ದೇ. ಆಗ ವರ್ನಿಯರ್ ಕ್ಯಾಲಿಪರ್ ಹಿಡಿದು ಹಾಳೆಯ ನಾಲ್ಕು ಮೂಲೆಯನ್ನೂ ಅಳೆಯಬೇಕು, ಲ್ಯಾಮಿನೇಟ್ ಅಂಟಿದ ಮೇಲೆ ಇನ್ನೊಮ್ಮೆ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಬೇಸಿಗೆಯಲ್ಲಿ ಅಳೆದ ಹಾಳೆಯನ್ನು ಆಷಾಢದ ತೇವದಲ್ಲಿ ಕತ್ತರಿಸುವುದಾದರೆ, ಯಂತ್ರಕ್ಕೆ ಏರಿಸುವ ದಿನ ಮತ್ತೊಮ್ಮೆ ಅಳೆದು, ಬಂದ ಸಂಖ್ಯೆಯನ್ನು ಹಾಳೆಯ ಅಂಚಿಗೇ ಪೆನ್ಸಿಲಿನಲ್ಲಿ ಬರೆದಿಡಬೇಕು.